ತೆರೆದು ಕಟ್ಟಿದ್ದ ಗೇಟು

“ಟ್ಯಾಮ್, ಗೇಟು,” ಎಂದು ರೂಫಸ್ ಮುಂದಿನಿಂದ ಕೂಗಿದ. ತಿರುಗಿ ನೋಡುವ ಗೋಜಿಗೂ ಹೋಗಲಿಲ್ಲ.

“ಗೊತ್ತು,” ಎಂದಳು ಟ್ಯಾಮ್ಸಿನ್. ಅವನಿಗೆ ಅದು ಕೇಳಿಸಲಿಲ್ಲ. ಅವನ ಸೈಕಲ್ಲು ಆಗಲೇ ಇಳಿಜಾರಿನಲ್ಲಿ ಅರ್ಧ ದೂರ ಹೋಗಿತ್ತು. ಅವನಿಗಿಂತ ಮುಂದೆ ಅಮ್ಮನ ನೀಲಿ ಹೆಲ್ಮೆಟ್ಟು ಬೇಲಿಯ ಮೇಲೆ ಏಳುತ್ತ ಮುಳುಗುತ್ತ ಸಾಗುತ್ತಿತ್ತು.

ಟ್ಯಾಮ್ಸಿನ್ ಸೈಕಲ್ಲನ್ನು ಗೇಟಿನಾಚೆ ದಾಟಿಸಿ ಹುಲ್ಲಿನ ಮೇಲೆ ಮಲಗಿಸಿದಳು. ಗೇಟನ್ನು ಎಳೆದು ತಂದು ಚಿಲಕ ಕೂರಿಸಿದಳು. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ನೋಡಿದಳು. ಮತ್ತೆ ಸೈಕಲ್ಲನ್ನು ಎತ್ತಿ ನಿಲ್ಲಿಸಿ ಹತ್ತುವ ಹೊತ್ತಿಗೆ ಮುಂದಿನವರು ಇನ್ನೊಂದು ಗೇಟು ದಾಟಿ ಆಗಿತ್ತು.

ಇಂಗ್ಲೆಂಡಿನ ಈ ಶ್ರಾಪ್‌ಶೈರಿನಲ್ಲಿ ಎಷ್ಟು ಗೇಟುಗಳಿವೆ ಎಂದು ಯಾರಾದರೂ ಕೇಳಿದರೆ ಟ್ಯಾಮ್ಸಿನ್ ಥಟ್ಟನೆ ಹೇಳಿಬಿಡುತ್ತಿದ್ದಳು: ಬೇಕಾದ್ದಕ್ಕಿಂತ ಜಾಸ್ತಿ. ಮರದ ಗೇಟು, ಕಬ್ಬಿಣದ ಗೇಟು, ಒಂದು ಕಡೆಗೆ ಜೋತುಬಿದ್ದ ಗೇಟು, ಎತ್ತಿ ಹಿಡಿದರೆ ಮಾತ್ರ ಅಲ್ಲಾಡುವ ಗೇಟು. ಹೊಲಗಳ ನಡುವೆ ಕುದುರೆ, ಸೈಕಲ್ಲುಗಳಿಗೆಂದು ಬಿಟ್ಟ ಕುದುರೆ ದಾರಿ ಒಂದು ಹೊಲ ಬಿಟ್ಟು ಇನ್ನೊಂದಕ್ಕೆ ಹೋಗುವಲ್ಲೆಲ್ಲ ಒಂದು ಗೇಟು ಕಾದು ನಿಂತಿರುತ್ತಿತ್ತು.

ಕೊನೆಯಲ್ಲಿ ಬಂದವರು ಗೇಟು ಹಾಕಬೇಕು. ಇದು ಅಮ್ಮ ಮಾಡಿದ ನಿಯಮ. ಮೊದಲ ದಿನ ಕೇಳಿದಾಗ ನ್ಯಾಯವಾಗಿಯೇ ಕಂಡಿತ್ತು. ಕೊನೆಯಲ್ಲಿ ಬರುವವಳು ಯಾವಾಗಲೂ ಟ್ಯಾಮ್ಸಿನ್ನೇ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ರೂಫಸ್‌ಗೆ ಹೊಳೆದಿದ್ದರೂ ಇರಬಹುದು.

ಕೊನೆಯಲ್ಲಿ ಬರದೆ ಏನು ಮಾಡುತ್ತಾಳೆ? ಅವಳಿಗೆ ಹತ್ತು ವರ್ಷ. ಅವಳ ಸೈಕಲ್ಲು ಅಣ್ಣ ರೂಫಸ್ ಓಡಿಸಿ ಹಳೆಯದು ಮಾಡಿ ಬಿಟ್ಟಿದ್ದು. ದಪ್ಪ ಟೈರು, ಅದಕ್ಕಿಂತ ದಪ್ಪ ಚೌಕಟ್ಟು. ದಿಬ್ಬ ಹತ್ತುವಾಗ ಗೇರು ಬದಲಾಯಿಸಿದರೆ ಕಟಕಟ ಎಂದು ಯೋಚನೆ ಮಾಡುತ್ತಿತ್ತು. ಯೋಚನೆ ಮುಗಿಯುವಷ್ಟರಲ್ಲಿ ಸೈಕಲ್ಲು ನಿಂತುಹೋಗಿರುತ್ತಿತ್ತು.

ಇವತ್ತು ಮೂರನೇ ದಿನ. ಅವಳ ತೊಡೆ ನೋಯುತ್ತಿತ್ತು, ಅಂಗೈ ಉರಿಯುತ್ತಿತ್ತು, ಕೂರುವ ಜಾಗದ ಮಾತು ಬೇಡವೇ ಬೇಡ. ಕಣಕಾಲಿನ ಮೇಲೆ ತುರಿಕೆಯ ನೆಟಲ್ ಗಿಡ ಸವರಿ ಕೆಂಪಗೆ ಬೊಬ್ಬೆ ಎದ್ದಿತ್ತು. ಒಂದು ತಿಂಗಳಿಂದ ಮಳೆ ಬಂದಿರಲಿಲ್ಲ. ಜುಲೈ ಬಿಸಿಲಿಗೆ ದಾರಿಯ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ದನಗಳು ಕೆಸರಿನಲ್ಲಿ ತುಳಿದಿದ್ದ ಗುಂಡಿಗಳು ಹಾಗೆ ಹಾಗೆಯೇ ಒಣಗಿ ನಿಂತು, ಅವುಗಳ ಮೇಲೆ ಸೈಕಲ್ಲು ಹೋದರೆ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು.

ಈ ಪ್ರವಾಸ ಅಮ್ಮನ ಆಸೆ. ಅಪ್ಪ ಬೇರೆ ಊರಲ್ಲಿ ಬೇರೆ ಮನೆ ಮಾಡಿದ ಮೇಲೆ ಮೂವರೇ ಎಲ್ಲಿಗೂ ಹೋಗಿರಲಿಲ್ಲ. ಅಮ್ಮ ವುಲ್ವರ್‌ಹ್ಯಾಂಪ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಯಾರ್‍ಯಾರದೋ ಪಾಳಿ ತಾನು ಮಾಡಿಕೊಟ್ಟು, ಅದರ ಬದಲಿಗೆ ಮೂರು ದಿನ ರಜೆ ಗಿಟ್ಟಿಸಿದ್ದಳು. “ಚಿಕ್ಕವಳಿದ್ದಾಗ ತಾತನ ಜೊತೆ ಈ ಗುಡ್ಡಗಳಲ್ಲೆಲ್ಲ ಸೈಕಲ್ ಹೊಡ್ದಿದೀನಿ. ನೀವೂ ನೋಡ್ಬೇಕು,” ಎಂದಿದ್ದಳು. ನೋಡಿದ್ದಾಯಿತು. ಟ್ಯಾಮ್ಸಿನ್ ನೋಡಿದ್ದು ಮುಖ್ಯವಾಗಿ ಎರಡು: ಗೇಟು, ಮತ್ತು ದೂರದಲ್ಲಿ ಅಮ್ಮನ ಬೆನ್ನು.

ನಿನ್ನೆ ಒಂದು ಎಡವಟ್ಟಾಗಿತ್ತು.

ಚಿಲಕ ಕೂರಿಸಿದ್ದೇನೆ ಅಂತ ಟ್ಯಾಮ್ಸಿನ್ ಅಂದುಕೊಂಡಿದ್ದಳು. ಅದು ಕೂತಿರಲಿಲ್ಲ. ಹಿಂದೆಯೇ ಕುರಿಗಳು ಗೇಟು ತಳ್ಳಿಕೊಂಡು ರಸ್ತೆಗೆ ಬಂದವು. ಒಂದಲ್ಲ, ಎರಡಲ್ಲ, ಇಡೀ ಹಿಂಡು. ಕುರಿಯವನು ಬಂದು, ಟ್ಯಾಮ್ಸಿನ್‌ಗೆ ಏನೂ ಅನ್ನದೆ, ಅಮ್ಮನ ಕಡೆ ತಿರುಗಿ ಹೇಳಿದ.

“ಒಂದು ಗೇಟು ಹಾಕೋದು ಅಷ್ಟು ಕಷ್ಟನಾಮ್ಮ ನಿಮಗೆ? ಲಾರಿ ಬಂದಿದ್ರೆ ಏನು ಗತಿ?”

“ತಪ್ಪಾಯ್ತು. ನನ್ನದೇ ತಪ್ಪು,” ಎಂದು ಅಮ್ಮ ಮತ್ತೆ ಮತ್ತೆ ಹೇಳಿದಳು. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡು, ಹೆಡ್‌ಮಾಸ್ಟರ ಮುಂದೆ ನಿಂತ ಹುಡುಗಿಯ ಹಾಗೆ ನಿಂತಿದ್ದಳು. ಟ್ಯಾಮ್ಸಿನ್ ಅದನ್ನು ನೋಡುತ್ತ ನಿಂತಳು. ಬೈಗುಳ ತನಗೇ ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಅಮ್ಮ ಹೇಳಿದ್ದು ಒಂದೇ ಮಾತು. “ಟ್ಯಾಮ್, ಇನ್ಮೇಲೆ ಗೇಟು ಹಾಕ್ದೆ ಬರ್ಬೇಡ. ಯಾವ್ದೇ ಗೇಟಾಗ್ಲಿ. ಆಯ್ತಾ?”

“ಆಯ್ತು,” ಎಂದಿದ್ದಳು ಟ್ಯಾಮ್ಸಿನ್.

ಆದ್ದರಿಂದ ಇವತ್ತು ಬೆಳಿಗ್ಗೆಯಿಂದ ಅವಳು ಹಾಕದೆ ಬಂದ ಗೇಟು ಒಂದೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಹುಲ್ಲುಗಾವಲು ಬಂತು. ಮೂಲೆಯಲ್ಲಿ ಉದ್ದನೆಯ ಕಬ್ಬಿಣದ ತೊಟ್ಟಿ, ಅದರ ತುಂಬ ನೀರು. ಟ್ಯಾಮ್ಸಿನ್ ಇಳಿದು ಮುಖ ತೊಳೆದುಕೊಂಡಳು. ತಲೆಯ ಮೇಲೂ ಸುರಿದುಕೊಂಡಳು. ತೊಟ್ಟಿಯ ಸುತ್ತ ಮಾತ್ರ ನೆಲ ಒದ್ದೆಯಾಗಿತ್ತು, ಗೊರಸಿನ ಗುರುತುಗಳಿದ್ದವು. ಸುಸ್ತಾದವರು ಇಂಥದ್ದನ್ನೆಲ್ಲ ನೋಡುತ್ತಾರೆ, ಅದರ ಬಗ್ಗೆ ಯೋಚಿಸುವುದಿಲ್ಲ.

ಸ್ವಲ್ಪ ಕೆಳಗೆ ಮುಂದಿನ ಗೇಟು. ಅದು ಹಾರು ಹೊಡೆದಿತ್ತು. ಬರೀ ತೆರೆದಿರಲಿಲ್ಲ, ಪೂರ್ತಿ ಹಿಂದಕ್ಕೆ ತಳ್ಳಿ, ಹುಲ್ಲಿನ ಪಿಂಡಿ ಕಟ್ಟುವ ಕಿತ್ತಳೆ ಬಣ್ಣದ ಹಗ್ಗದಿಂದ ಬೇಲಿಯ ಕಂಬಕ್ಕೆ ಕಟ್ಟಿತ್ತು. ಗೇಟಿನ ಬುಡದಲ್ಲಿ ಹುಲ್ಲು ಬೆಳೆದಿತ್ತು.

ಅಮ್ಮ, ರೂಫಸ್ ಇಬ್ಬರೂ ಸೈಕಲ್ಲಿಂದ ಇಳಿಯದೆ ಸುಮ್ಮನೆ ದಾಟಿ ಹೋಗಿದ್ದರು. ಕೆಳಗಿನ ಹೊಲದಾಚೆ, ಒಂದು ಆ್ಯಶ್ ಮರದ ನೆರಳಿನಲ್ಲಿ ದನಗಳು ಗುಂಪಾಗಿ ನಿಂತಿದ್ದವು.

ಟ್ಯಾಮ್ಸಿನ್ ಗೇಟನ್ನು ನೋಡಿದಳು. ಇದು ಯಾರೋ ಸೋಮಾರಿಗಳ ಕೆಲಸ ಅಂದುಕೊಂಡಳು. ಹೋಗುತ್ತ ಬರುತ್ತ ಹಾಕಲು ಬೇಜಾರಾಗಿ ಕಟ್ಟಿ ಹೋಗಿದ್ದಾರೆ. ದನಗಳು ತಪ್ಪಿಸಿಕೊಂಡು ಹೋದರೆ ಮತ್ತೆ ಅಮ್ಮ ಯಾರ ಮುಂದೋ ಹೆಲ್ಮೆಟ್ಟು ಹಿಡಿದು ನಿಲ್ಲಬೇಕು.

ಹಗ್ಗ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಗೇಟು ಹುಲ್ಲಿಗೆ ಸಿಕ್ಕಿಹಾಕಿಕೊಂಡು ಬರಲೊಲ್ಲದು. ಭುಜ ಕೊಟ್ಟು, ಹಿಮ್ಮಡಿ ಊರಿ, ಉಸಿರು ಬಿಗಿಹಿಡಿದು ಎಳೆದಳು. ಕೊನೆಗೂ ಬಂತು. ಚಿಲಕ ತುಕ್ಕು ಹಿಡಿದು ಅಲ್ಲಾಡುವಂತಿರಲಿಲ್ಲ. ಅದೇ ಹಗ್ಗದಿಂದ ಗೇಟನ್ನು ಕಂಬಕ್ಕೆ ಬಿಗಿದು ಕಟ್ಟಿದಳು. ಗಂಟಿನ ಮೇಲೆ ಗಂಟು ಹಾಕಿದಳು. ಯಾವ ಕುರಿಯೂ ಯಾವ ದನವೂ ಬಿಚ್ಚಲಾಗದ ಹಾಗೆ.

ಅವಳಿಗೆ ತನ್ನ ಬಗ್ಗೆ ಹೆಮ್ಮೆ ಅನ್ನಿಸಿತು. ಯಾರೂ ನೋಡಲಿಲ್ಲವಲ್ಲ ಎಂದು ಬೇಜಾರೂ ಆಯಿತು.

ಕೆಳಗೆ ರಸ್ತೆಯ ಪಕ್ಕ ಇಬ್ಬರೂ ಕಾಯುತ್ತಿದ್ದರು.

“ಬಂದ್ಳಪ್ಪ ಮಹಾರಾಣಿ,” ಎಂದ ರೂಫಸ್. “ನಾವು ಒಂದು ನಿದ್ದೆ ಮಾಡಿ ಎದ್ವಿ.”

“ಗೇಟು ಹಾಕ್ತಿದ್ದೆ.”

“ಅಷ್ಟು ಹೊತ್ತು? ಗೇಟು ಹಾಕ್ದ್ಯೋ, ಹೊಸ್ದು ಮಾಡಿಸ್ಕೊಂಡು ಬಂದ್ಯೋ?”

“ಸುಮ್ನಿರೋ,” ಎಂದಳು ಅಮ್ಮ. “ಸಂಜೆ ರೈಲು ತಪ್ಪಿಸ್ಕೊಳ್ಳೋ ಹಾಗಿಲ್ಲ. ಸೈಕಲ್‌ಗೆ ಜಾಗ ಬುಕ್ ಮಾಡಿರೋದು ಅದ್ರಲ್ಲಿ ಮಾತ್ರ. ನಾಳೆ ಬೆಳಿಗ್ಗೆ ಆರಕ್ಕೆ ನಂಗೆ ಡ್ಯೂಟಿ. ವೆನ್‌ಬರೀಲಿ ಏನಾದ್ರೂ ತಿಂದು, ನೇರ ಲಡ್ಲೋ ಸ್ಟೇಷನ್.” ಹೇಳುತ್ತಲೇ ಪೆಡಲ್ ತುಳಿದಳು.

ವೆನ್‌ಬರಿ ಬಹಳ ಹಳೆಯ ಊರು, ಬಹಳ ಸಣ್ಣ ಊರು. ಕಪ್ಪು ತೊಲೆ, ಬಿಳಿ ಗೋಡೆಯ ಮನೆಗಳು ಒಂದರ ಮೇಲೊಂದು ಒರಗಿಕೊಂಡು ನಿಂತಿದ್ದವು. ಮಧ್ಯದಲ್ಲಿ ಕಂಬಗಳ ಮೇಲೆ ನಿಂತ ಸಂತೆಯ ಮನೆ, ಅದರ ಮೇಲೊಂದು ಗಡಿಯಾರ. ಅದರ ಎದುರಿಗೆ ಒಂದು ಉದ್ದನೆಯ ಕಲ್ಲಿನ ಬಾನಿ. ಬಾನಿಯ ತುಂಬ ಮಣ್ಣು ಹಾಕಿ ಕೆಂಪು ಜೆರೇನಿಯಂ ಹೂ ಬೆಳೆಸಿದ್ದರು.

ಪಕ್ಕದ ಅಂಗಡಿಯಿಂದ ಅಮ್ಮ ಒಣದ್ರಾಕ್ಷಿ ಬನ್ನು ತಂದಳು. ಮೂವರೂ ಬಾನಿಯ ಅಂಚಿನ ಮೇಲೆ ಕೂತರು. ಅಂಗಡಿಯ ಹೆಂಗಸು ಅವರ ಬಾಟಲಿಗಳಿಗೆಲ್ಲ ತಣ್ಣನೆಯ ನೀರು ತುಂಬಿಸಿಕೊಟ್ಟಿದ್ದಳು. ಟ್ಯಾಮ್ಸಿನ್ ಬಾಟಲಿಯನ್ನು ಬಾಯಿಗಿಟ್ಟು ಗಟಗಟ ಕುಡಿದಳು.

ರೂಫಸ್ ಬನ್ನು ಜಗಿಯುತ್ತ, ಬಾನಿಯ ಬದಿಯಲ್ಲಿ ಕೆತ್ತಿದ್ದ ಸವೆದ ಅಕ್ಷರಗಳನ್ನು ಬೆರಳಾಡಿಸಿ ಓದಿದ. “‘ದಾರಿಯಲ್ಲಿ ಬಂದವರೇ, ಮೊದಲು ನಿಮ್ಮ ದನಗಳಿಗೆ ಕುಡಿಸಿ.’ ಹಿಂದೆ ಇದ್ರಲ್ಲಿ ನೀರಿರ್ತಿತ್ತು ಅನ್ಸತ್ತೆ. ಸಂತೆಗೆ ಬರೋ ದನಗಳಿಗೆ.”

ಟ್ಯಾಮ್ಸಿನ್ ಕುಡಿಯುವುದನ್ನು ನಿಲ್ಲಿಸಿದಳು.

ಮೇಲಿನ ಹೊಲದಲ್ಲಿ ತೊಟ್ಟಿ. ತೊಟ್ಟಿಯ ಸುತ್ತ ಗೊರಸಿನ ಗುರುತು. ಆದರೆ ಆ ಹೊಲದಲ್ಲಿ ಒಂದು ದನವೂ ಇರಲಿಲ್ಲ. ದನಗಳೆಲ್ಲ ಕೆಳಗಿನ ಹೊಲದಲ್ಲಿ, ಮರದ ನೆರಳಿನಲ್ಲಿದ್ದವು. ಕೆಳಗಿನ ಹೊಲದಲ್ಲಿ ತೊಟ್ಟಿ ಇತ್ತೇ? ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಅಲ್ಲಿ ಒಂದು ಹಳ್ಳವಿತ್ತು. ಅದನ್ನು ಅವಳು ಸೈಕಲ್ಲಿಂದ ಇಳಿಯದೆಯೇ ದಾಟಿದ್ದಳು, ಯಾಕೆಂದರೆ ಅದರಲ್ಲಿ ಬರೀ ಕಲ್ಲುಗಳಿದ್ದವು.

ಗೇಟನ್ನು ಸೋಮಾರಿಗಳು ಕಟ್ಟಿರಲಿಲ್ಲ. ದನಗಳು ನೀರಿಗೆ ಹೋಗಲಿ ಎಂದು ಯಾರೋ ಬೇಕೆಂದೇ ತೆರೆದು ಕಟ್ಟಿದ್ದರು.

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಗಡಿಯಾರದ ಕಡೆ ನೋಡುತ್ತಿದ್ದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಹೊರಟರೆ ರೈಲು ಸಿಗುತ್ತದೆ, ಮನೆ ಸಿಗುತ್ತದೆ, ಹಾಸಿಗೆ ಸಿಗುತ್ತದೆ. ಹೇಳಿದರೆ ಮತ್ತೆ ಆ ಗುಡ್ಡ ಹತ್ತಬೇಕು. ಅವಳ ತೊಡೆ, ಅಂಗೈ, ಕಣಕಾಲು ಎಲ್ಲವೂ ಹೇಳಬೇಡ ಎಂದವು.

ಬಿಸಿಲು ಮಾತ್ರ ಇಳಿದಿರಲಿಲ್ಲ. ಕಲ್ಲಿನ ಬಾನಿಯ ಬಿಸಿಲಿಗಿದ್ದ ಬದಿ ಮುಟ್ಟಿದರೆ ಕೈ ಸುಡುತ್ತಿತ್ತು.

“ಅಮ್ಮ, ಮೇಲೆ ಒಂದು ಗೇಟು ತೆರ್‍ದಿತ್ತು.”

“ಹಾಕಿ ಬಂದ್ಯಲ್ಲ?”

“ಹಾಕ್ದೆ. ಹಾಕಬಾರ್ದಿತ್ತು ಅನ್ಸತ್ತೆ.” ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ತೊಟ್ಟಿ, ಹಗ್ಗ, ಒಣಗಿದ ಹಳ್ಳ, ಗಂಟು.

ಅಮ್ಮ ಕೈಯಲ್ಲಿದ್ದ ಅರ್ಧ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟಳು. ಕಣ್ಣು ಮುಚ್ಚಿ ಒಂದು ಸಲ ಉಸಿರುಬಿಟ್ಟು, ಎದ್ದು ಅಂಗಡಿಯೊಳಗೆ ಹೋದಳು. ಮಕ್ಕಳೂ ಹಿಂದೆಯೇ ಹೋದರು.

“ಅದು ಪ್ರಾಸರ್ ಅವ್ರ ಹೊಲ,” ಎಂದಳು ಅಂಗಡಿಯ ಹೆಂಗಸು. “ಹಳ್ಳ ಬತ್ತಿ ಎಷ್ಟೋ ದಿನ ಆಯ್ತು. ಅದಕ್ಕೇ ಗೇಟು ಕಟ್ಟಿರ್ತಾರೆ. ಇರಿ, ಫೋನ್ ಮಾಡ್ತೀನಿ.”

ಫೋನು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಇನ್ನೊಂದು ನಂಬರಿಗೂ ಮಾಡಿದಳು. ಅಲ್ಲೂ ಅದೇ ಕತೆ.

“ಹುಲ್ಲು ಕೊಯ್ಲು ನಡೀತಿದೆಯಲ್ಲ, ಮನೇಲಿ ಬೆಕ್ಕು ಬಿಟ್ರೆ ಯಾರೂ ಇರಲ್ಲ. ಟ್ರ್ಯಾಕ್ಟರ್ ಸದ್ದಿಗೆ ಫೋನೂ ಕೇಳ್ಸಲ್ಲ. ಕತ್ತಲಾಗೋವರ್ಗೂ ಆಚೆ ಕಣಿವೇಲೇ.” ಅವಳು ಟ್ಯಾಮ್ಸಿನ್ನಿನ ಮುಖ ನೋಡಿ ದನಿ ತಗ್ಗಿಸಿದಳು. “ನಾನೇ ಹೋಗಿ ತೆಗೀತಿದ್ದೆ ಮರಿ. ವ್ಯಾನು ನಮ್ಮವ್ರು ತಗೊಂಡು ಹೋಗಿದಾರೆ.”

“ಕತ್ತಲಾಗೋವರ್ಗೂ ದನ ತಡ್ಕೊಳ್ತವಾ?” ಎಂದು ಕೇಳಿದಳು ಟ್ಯಾಮ್ಸಿನ್.

“ಈ ಬಿಸ್ಲಲ್ಲಿ ಕಷ್ಟ. ಹಾಲು ಕುಡಿಯೋ ಕರುಗಳೂ ಇವೆ ಅದ್ರಲ್ಲಿ,” ಎಂದಳು ಆಕೆ.

ಹೊರಗೆ ಬಂದ ಕೂಡಲೇ ರೂಫಸ್ ಶುರುಮಾಡಿದ. “ಬೇರೆ ಯಾರಾದ್ರೂ ಸೈಕಲ್ಲೋರು ಬರ್ತಾರೆ, ತೆಗೀತಾರೆ. ನಾವೇ ಯಾಕೆ? ಅಮ್ಮ, ರೈಲು.”

“ಯಾರಾದ್ರೂ ಬಂದ್ರೂ ಮತ್ತೆ ಹಾಕ್ಕೊಂಡೇ ಹೋಗ್ತಾರೆ,” ಎಂದಳು ಟ್ಯಾಮ್ಸಿನ್. “ನನ್ನ ಹಾಗೆ.”

ಅಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. “ಹೋಗಿ ಬಂದ್ರೂ ಜೋರಾಗಿ ತುಳಿದ್ರೆ ರೈಲು ಸಿಗ್ಬೋದು,” ಎಂದಳು. ‘ಸಿಗತ್ತೆ’ ಅನ್ನಲಿಲ್ಲ. “ಟ್ಯಾಮ್, ನೀನು ಮುಂದೆ ಹೋಗು. ಯಾವ ಗೇಟು ಅಂತ ನಿಂಗೇ ತಾನೆ ಗೊತ್ತು.”

ಮೂರು ದಿನದಲ್ಲಿ ಮೊದಲ ಸಲ ಟ್ಯಾಮ್ಸಿನ್ ಮುಂದಿದ್ದಳು. ಇದಕ್ಕಾಗಿ ಎಷ್ಟು ಆಸೆಪಟ್ಟಿದ್ದಳೋ! ಈಗ ಅದು ಬೇಡವಾಗಿತ್ತು.

ರಸ್ತೆ ಬೇಲಿಗಳ ನಡುವೆ ನೆಟ್ಟಗೆ ಮೇಲಕ್ಕೆ ಹತ್ತಿತು. ಅರ್ಧಕ್ಕೇ ಇಳಿದು ಸೈಕಲ್ಲು ತಳ್ಳಿದಳು. ಕುದುರೆ ದಾರಿಯ ಮೊದಲ ಗೇಟು ಬಂತು. ಅದು ಮುಚ್ಚಿತ್ತು. ಟ್ಯಾಮ್ಸಿನ್ ಎದುರು ನಿಂತು ಒಂದು ಕ್ಷಣ ಸುಮ್ಮನೆ ಕಾದಳು. ಯಾಕೆ ಕಾಯುತ್ತಿದ್ದೇನೆ ಎಂದು ಅವಳಿಗೇ ಆಮೇಲೆ ಹೊಳೆಯಿತು. ಯಾರಾದರೂ ತೆರೆಯಲಿ ಎಂದು ಕಾಯುತ್ತಿದ್ದಳು.

ಒಂದು ಕೈಯಲ್ಲಿ ಸೈಕಲ್ಲು ಹಿಡಿದು, ಇನ್ನೊಂದರಲ್ಲಿ ಚಿಲಕ ಎತ್ತಿ, ಸೊಂಟದಿಂದ ಗೇಟನ್ನು ದಿಬ್ಬದ ಕಡೆಗೆ ತಳ್ಳಿದಳು. ಗೇಟು ವಾಪಸ್ಸು ಅವಳ ಮೇಲೇ ಬಂತು. ಮತ್ತೆ ತಳ್ಳಿದಳು. ಬೆನ್ನು ಕೊಟ್ಟು ಹಿಡಿದುಕೊಂಡು ಹಿಂದಿನವರಿಗಾಗಿ ನಿಂತಳು. ಇದು ಹಾಕುವುದಕ್ಕಿಂತ ಕಷ್ಟದ ಕೆಲಸ.

ಕೊನೆಯಲ್ಲಿ ಬಂದವರು ಗೇಟು ಹಾಕಬೇಕು. ಹಾಗಾದರೆ ಮೊದಲು ಬಂದವರು ತೆರೆಯಬೇಕು. ಈ ಎರಡನೆಯ ನಿಯಮವನ್ನು ಅಮ್ಮ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಮೂರು ದಿನ ಟ್ಯಾಮ್ಸಿನ್ ಮುಚ್ಚಿದ ಗೇಟುಗಳನ್ನೆಲ್ಲ ಅದಕ್ಕೂ ಮೊದಲು ಅಮ್ಮ ತೆರೆದಿದ್ದಳು. ಜೋತುಬಿದ್ದವನ್ನು ಎತ್ತಿ, ತುಕ್ಕು ಹಿಡಿದವನ್ನು ಗುದ್ದಿ, ಒಂದೊಂದನ್ನೂ.

ರೂಫಸ್ ದಾಟಿದ. “ಥ್ಯಾಂಕ್ಸ್,” ಎಂದು ಗೊಣಗಿದ. ಹಾಗೆ ಹೇಳಿ ಅವನಿಗೂ ಅಭ್ಯಾಸವಿರಲಿಲ್ಲ.

ಅಮ್ಮ ಇನ್ನೂ ಬಂದಿರಲಿಲ್ಲ. ಟ್ಯಾಮ್ಸಿನ್ ಕೆಳಗೆ ನೋಡಿದಳು. ಅಮ್ಮ ಸೈಕಲ್ಲಿನ ಮೇಲೆ ಪೂರ್ತಿ ಬಾಗಿ, ಅದನ್ನೇ ಊರುಗೋಲು ಮಾಡಿಕೊಂಡು ಹತ್ತುತ್ತಿದ್ದಳು. ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು. ಮುಖ ಬೂದಿಯ ಬಣ್ಣವಾಗಿತ್ತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂಬುದೇ ಗೊತ್ತಿಲ್ಲದವರ ಹಾಗೆ.

ಮೂರು ದಿನ ಟ್ಯಾಮ್ಸಿನ್ ನೋಡಿದ್ದು ಬರೀ ಬೆನ್ನು. ಬೆನ್ನು ಯಾವಾಗಲೂ ಮುಂದೆ ಮುಂದೆ ಹೋಗುತ್ತಿತ್ತು. ಅಮ್ಮನಿಗೆ ಸುಸ್ತೇ ಆಗುವುದಿಲ್ಲ ಎಂದುಕೊಂಡಿದ್ದಳು. ಬೆನ್ನು ನೋಡಿದರೆ ಸುಸ್ತು ಕಾಣುವುದಿಲ್ಲ.

ಅವಳಿಗೆ ಅಳು ಬಂತು. ಅಳುವಷ್ಟು ಹೊತ್ತಿರಲಿಲ್ಲ, ನುಂಗಿಕೊಂಡಳು.

ಹೊಲಕ್ಕೆ ಹೋಗುವ ಮೊದಲೇ ದನಗಳ ಕೂಗು ಕೇಳಿಸಿತು. ಅವೆಲ್ಲ ಮರದ ನೆರಳು ಬಿಟ್ಟು ಮೇಲಿನ ಗೇಟಿಗೆ ಒತ್ತಿಕೊಂಡು ನಿಂತಿದ್ದವು. ಕಂದು ಬಣ್ಣದ ದೊಡ್ಡ ದೊಡ್ಡ ದನಗಳು, ಬಿಳಿ ಮುಖದವು. ಮುಂದಿನವು ಗೇಟಿನ ಸರಳುಗಳ ನಡುವೆ ಮೂತಿ ತೂರಿಸಿ ತೊಟ್ಟಿಯ ಕಡೆಗೇ ನೋಡುತ್ತಿದ್ದವು. ಒಂದು ಕರು ಗುಂಪಿನ ಹೊರಗೆ ಒಂಟಿಯಾಗಿ ಮಲಗಿ, ಪಕ್ಕೆ ಅದುರಿಸುತ್ತ ಏದುತ್ತಿತ್ತು.

ಟ್ಯಾಮ್ಸಿನ್‌ಗೆ ದನ ಕಂಡರೆ ಭಯ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಅವಳು ಕಂಡ ದನ ಹಾಲಿನ ಡಬ್ಬದ ಮೇಲಿನದು ಮಾತ್ರ.

“ಮಧ್ಯೆ ಹೋಗ್ಬೇಡಿ, ತುಳ್ದುಬಿಡ್ತವೆ,” ಎಂದಳು ಅಮ್ಮ. “ಬೇಲಿ ಪಕ್ಕದಲ್ಲೇ ಹೋಗಿ. ಬೇಲಿಗೆ ಅಡ್ಡ ಹೊಡ್ದಿರೋ ಆ ಮರದ ಪಟ್ಟಿ ಹತ್ತಿ ಆ ಕಡೆ ಇಳೀರಿ. ಅಲ್ಲಿಂದ ಬಿಚ್ಚಿ.”

ಅಣ್ಣ ತಂಗಿ ಸೈಕಲ್ಲು ಬಿಟ್ಟು, ಮುಳ್ಳು ಗೀರಿಸಿಕೊಂಡು, ಮೇಲಿನ ಹೊಲಕ್ಕೆ ಹಾರಿದರು. ದನಗಳ ಬಿಸಿಯುಸಿರು ಟ್ಯಾಮ್ಸಿನ್ನಿನ ಕೈಮೇಲೆ ಬಿತ್ತು. ಗಂಟು ಬಿಚ್ಚಲು ಹೋದಳು. ಬರಲಿಲ್ಲ. ದನಗಳು ಗೇಟನ್ನು ತಳ್ಳಿ ತಳ್ಳಿ ಹಗ್ಗ ಇನ್ನೂ ಬಿಗಿಯಾಗಿತ್ತು.

“ಎಷ್ಟು ಗಂಟು ಹಾಕಿದೀಯೇ ಮಾರಾಯ್ತಿ?”

“ಗೊತ್ತಿಲ್ಲ. ತುಂಬ.”

“ನಿನ್ನ ಶೂ ಲೇಸು ಮಾತ್ರ ಯಾವಾಗ್ಲೂ ಬಿಚ್ಚಿರತ್ತೆ,” ಎಂದ ರೂಫಸ್. ಆದರೂ ಮಂಡಿಯೂರಿ ಕೂತು ಹಲ್ಲು ಹಚ್ಚಿದ. ಅವನು ಒಂದು ತುದಿ ಕಚ್ಚಿ ಎಳೆದ, ಅವಳು ಉಗುರಿನಿಂದ ಇನ್ನೊಂದು ಎಳೆ ಸಡಿಲಿಸಿದಳು. ಒಂದು ಗಂಟು ಬಿಚ್ಚಿತು. ಮತ್ತೊಂದು. ಉಗುರು ಕಿತ್ತು ರಕ್ತ ಬಂತು. ಒಂದು ದನ ಒರಟು ನಾಲಿಗೆಯಿಂದ ಅವಳ ಮುಂಗೈ ನೆಕ್ಕಿತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ತೆಗೆದರೆ ಗಂಟು ಮತ್ತೆ ಬಿಗಿಯುತ್ತಿತ್ತು.

“ಬಂತು. ಗೇಟಿನ ಹಿಂದೆ ಬಾ, ಬೇಗ,” ಎಂದ ರೂಫಸ್.

ಇಬ್ಬರೂ ಗೇಟನ್ನು ಎಳೆದುಕೊಂಡು ಅದರ ಹಿಂದೆ ಬೇಲಿಗೆ ಅಂಟಿಕೊಂಡರು. ದನಗಳು ಓಡಿದವು. ಅಷ್ಟು ಭಾರದ ಪ್ರಾಣಿಗಳು ಅಷ್ಟು ಜೋರಾಗಿ ಓಡುವುದನ್ನು ಟ್ಯಾಮ್ಸಿನ್ ನೋಡಿರಲಿಲ್ಲ. ನೆಲ ನಡುಗಿತು. ಆಮೇಲೆ ತೊಟ್ಟಿಯ ಹತ್ತಿರದಿಂದ ಸೊರಸೊರ ಎಂದು ನೀರು ಹೀರುವ ಸದ್ದು ಬಂತು. ಬಹಳ ಹೊತ್ತು ಅದೊಂದೇ ಸದ್ದು.

ಮಲಗಿದ್ದ ಕರು ಏಳಲಿಲ್ಲ. ಅಮ್ಮ ಅದರ ಹತ್ತಿರ ಹೋದಳು. ಕುತ್ತಿಗೆಯ ಮೇಲೆ ಕೈಯಿಟ್ಟಳು. ತನ್ನ ಬಾಟಲಿಯ ತಣ್ಣನೆಯ ನೀರನ್ನು ಅಂಗೈಗೆ ಸುರಿದುಕೊಂಡು ಅದರ ಮೂತಿಗೆ ಹಿಡಿದಳು. ಕರು ಮೊದಲು ಮೂಸಿತು. ಆಮೇಲೆ ಕುಡಿಯಿತು. ಬಾಟಲಿ ಖಾಲಿಯಾದ ಮೇಲೆ ಅಮ್ಮ ಅದರ ಹಿಂಭಾಗಕ್ಕೆ ಎರಡು ತಟ್ಟು ತಟ್ಟಿದಳು. “ಏಳು, ನೋಡೋಣ. ಏಳು ಬಂಗಾರ,” ಎಂದಳು. ಆಸ್ಪತ್ರೆಯಲ್ಲಿ ಅಜ್ಜಿಯಂದಿರನ್ನು ಎಬ್ಬಿಸುವುದೂ ಹೀಗೆಯೇ ಇರಬೇಕು. ಕರು ಮುಂಗಾಲು ಮಡಿಸಿ, ಹಿಂಭಾಗ ಎತ್ತಿ, ತಡವರಿಸಿ ನಿಂತಿತು. ತಾಯಿಯನ್ನು ಹುಡುಕುತ್ತ ತೊಟ್ಟಿಯ ಕಡೆ ಹೋಯಿತು.

ಗೇಟನ್ನು ಹಿಂದಕ್ಕೆ ತಳ್ಳಿ, ಮೊದಲು ಇದ್ದ ಹಾಗೆಯೇ ಬೇಲಿಯ ಕಂಬಕ್ಕೆ ಕಟ್ಟಿದರು. ಈ ಸಲ ಗಂಟು ಹಾಕಿದವನು ರೂಫಸ್.

“ಸಾರಿ, ಅಮ್ಮ,” ಎಂದಳು ಟ್ಯಾಮ್ಸಿನ್.

“ಗೇಟು ಹೇಗಿತ್ತೋ ಹಾಗೇ ಬಿಟ್ಟು ಬರ್ಬೇಕು. ತಾತ ಹೇಳ್ತಿದ್ದದ್ದು ಅದು. ತೆರ್‍ದಿದ್ರೆ ತೆರ್‍ದೇ, ಮುಚ್ಚಿದ್ರೆ ಮುಚ್ಚೇ.” ಅಮ್ಮ ಮಾತಾಡುತ್ತ ಆ್ಯಶ್ ಮರದ ಬುಡಕ್ಕೆ ಬಂದಳು. “ನಾನೇ ನಿಂಗೆ ಅರ್ಧ ಹೇಳ್ದೆ. ನಿನ್ನೆ ನಂಗೂ ಸಾಕಾಗಿತ್ತು ಕಣೇ. ಎರಡು ನಿಮಿಷ ಕೂತ್ಕೋತೀನಿ. ಆಮೇಲೆ ಹೊರಡೋಣ.”

ಮರಕ್ಕೆ ಒರಗಿ ಕೂತಳು. ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. ಏನೋ ಹೇಳಲು ಬಾಯಿ ತೆರೆದಳು. ಹೇಳುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು.

ಮಕ್ಕಳಿಬ್ಬರೂ ಅವಳನ್ನೇ ನೋಡಿದರು. ಅಮ್ಮ ಮಲಗಿದ್ದನ್ನು ಅವರು ನೋಡಿದ್ದೇ ಅಪರೂಪ. ಅವರು ಮಲಗುವಾಗ ಅಮ್ಮ ಎದ್ದಿರುತ್ತಿದ್ದಳು. ಅವರು ಏಳುವಾಗ ಅಮ್ಮ ಆಗಲೇ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ಇರುತ್ತಿದ್ದಳು.

ರೂಫಸ್ ಕೈಗಡಿಯಾರ ನೋಡಿದ. “ಈಗ ಹೊರಟ್ರೆ ಸಿಗತ್ತೆ. ಎಬ್ಬಿಸ್ಲಾ?”

“ಬೇಡ.”

“ರೈಲು ಹೋಗತ್ತೆ, ಟ್ಯಾಮ್.”

“ಇನ್ನೊಂದು ಬರಲ್ವಾ?”

“ಬರತ್ತೆ. ತುಂಬ ಲೇಟು. ಅದ್ರಲ್ಲಿ ಸೈಕಲ್ ಹತ್ತಿಸ್ತಾರೋ ಇಲ್ವೋ. ಎದ್ಮೇಲೆ ಅಮ್ಮ ಬೈತಾಳೆ.”

“ನನ್ನನ್ನೇ ಬೈಲಿ. ನಾನೇ ಎಬ್ಬಿಸ್ಬೇಡ ಅಂದೆ ಅಂತ ಹೇಳು.”

ರೂಫಸ್ ಅಮ್ಮನ ಮುಖ ನೋಡಿದ. ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹುಲ್ಲಿನ ಮೇಲೆ ಅಂಗಾತ ಮಲಗಿದ.

ಆಚೆ ಕಣಿವೆಯಲ್ಲಿ ಟ್ರ್ಯಾಕ್ಟರಿನ ಸದ್ದು ಸಣ್ಣಗೆ ಕೇಳುತ್ತಿತ್ತು. ದನಗಳು ನೀರು ಕುಡಿದು ಒಂದೊಂದಾಗಿ ಗೇಟು ದಾಟಿ ನೆರಳಿಗೆ ಮರಳತೊಡಗಿದವು. ಎಲ್ಲಕ್ಕಿಂತ ದೊಡ್ಡದೊಂದು ನೇರ ಮರದ ಬುಡಕ್ಕೇ ಬಂತು. ಅಮ್ಮನ ನೀಲಿ ಹೆಲ್ಮೆಟ್ಟು ಏನೆಂದು ಮೂಸಿ ನೋಡುವ ಕುತೂಹಲ ಅದಕ್ಕೆ.

ಟ್ಯಾಮ್ಸಿನ್ ಎದ್ದಳು. ದನಕ್ಕೂ ಅಮ್ಮನಿಗೂ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು. ದನ ಅವಳನ್ನು ನೋಡಿತು, ಅವಳು ದನವನ್ನು ನೋಡಿದಳು.

“ಸದ್ದು ಮಾಡ್ಬೇಡ,” ಎಂದು ಪಿಸುಗುಟ್ಟಿದಳು. “ಮಲ್ಗಿದಾಳೆ.”